ಹೇಳಬೇಕಾದ ಮಾತಿನ ಬೆಲೆ

ಇಳಕಲ್ ಸೀರೆ ಕೊಳ್ಳುವಾಗ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ ನೋಡದ ಹೆಣ್ಣುಮಗಳು ನಮ್ಮ ಕಡೆ ಸಿಗುವುದು ಕಷ್ಟ. ರೇಷ್ಮೆಯೋ ಚಮಕವೋ ಎಂಬುದು ಕಣ್ಣಿಗೆ ತಿಳಿಯದಿದ್ದರೂ ಬೆರಳಿಗೆ ಒಂದಿಷ್ಟು ತಿಳಿಯುತ್ತದೆ ಎಂಬ ನಂಬಿಕೆ ನಮ್ಮದು. ತಿಕ್ಕಿ ನೋಡಿದ ಮೇಲೂ ಅಂಗಡಿಯವರನ್ನು ಕೇಳುತ್ತೇವೆ. ಕೈಮಗ್ಗದ್ದೇನು? ಬಣ್ಣ ಬಿಡುವುದಿಲ್ಲವಷ್ಟೆ? ಸೆರಗನ್ನು ಒಡಲಿಗೆ ಕೊಂಡಿ ಹಾಕಿಯೇ ಜೋಡಿಸಿದ್ದೋ? ಕೇಳಿದ್ದಕ್ಕೆ ಅವರು ಉತ್ತರ ಕೊಡುತ್ತಾರೆ. ಸುಳ್ಳು ಹೇಳಿದರೆ ಅದು ಸುಳ್ಳು, ಅದರಲ್ಲಿ ಚರ್ಚೆ ಮಾಡುವಂಥದು ಏನೂ ಇಲ್ಲ. ಆದರೆ ನಾನು ಕೇಳಲೇ ಇಲ್ಲ ಎನ್ನಿ. ಅವರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಆಗ ಅವರು ತಾವಾಗಿಯೇ ಬಾಯಿ ಬಿಟ್ಟು ಹೇಳಬೇಕೇ? ಸುಮ್ಮನಿದ್ದರೆ ಅದು ಮೋಸವೋ, ವ್ಯಾಪಾರವೋ?

ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ಸೀರೆ ಅಂಗಡಿಯಲ್ಲಲ್ಲ. ನಮ್ಮ ಪಡಸಾಲೆಯ ಕಿಟಕಿ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಕುಳಿತ, ಹೆಂಗಸರಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲವೆಂದು ತೋರುವ, ಒಂದು ಭಾರವಾದ ಕಬ್ಬಿಣದ ಸಾಮಾನಿನಿಂದ. ಅದರ ಹೆಸರು ಡಿಮ್ಮರ್‌ಸ್ಟಾಟ್.

ನಮ್ಮ ಮನೆಯವರು ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯ ನಂತರ ಕೆಲವರು ತೀರ್ಥಯಾತ್ರೆಗೆ ಹೋಗುತ್ತಾರೆ, ಕೆಲವರು ಪ್ಲಾಟು ಕೊಂಡು ಮನೆ ಕಟ್ಟಿಸುತ್ತಾರೆ. ಇವರು ಹಳೆಯ ವಾಲ್ವ್ ರೇಡಿಯೋ ಹಿಡಿದು ಕೂತರು. ಮರ್ಫಿ, ಫಿಲಿಪ್ಸ್, ಬುಷ್ ಎಂಬ ಹೆಸರುಗಳು ಹೊಸ ಕಾಲದ ಮಕ್ಕಳಿಗೆ ತಿಳಿದಿರಲಾರವು. ಕಟ್ಟಿಗೆಯ ಪೆಟ್ಟಿಗೆ, ಎದುರಿಗೆ ಗಾಜಿನ ಪಟ್ಟಿ, ಅದರ ಮೇಲೆ ದೂರದೇಶದ ಊರುಗಳ ಹೆಸರು, ಹಿಂದೆ ಮಿಣಿಮಿಣಿ ದೀಪ. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ನಮ್ಮ ಭಾಗದ ಉಳ್ಳವರ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ದೇವರ ಕೋಣೆಯ ನಂತರದ ಸ್ಥಾನ ಪಡೆದಿದ್ದವು. ರೇಡಿಯೋ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕಿತ್ತು, ಪೋಸ್ಟಾಫೀಸಿನಲ್ಲಿ ಅದಕ್ಕೆ ಹಣ ಕಟ್ಟಬೇಕಿತ್ತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಟಿ.ವಿ. ಬಂತು, ಕಟ್ಟಿಗೆಯ ಪೆಟ್ಟಿಗೆ ಅಟ್ಟ ಸೇರಿತು. ಆಲಮಟ್ಟಿಯ ಹಿನ್ನೀರಿನ ಕಾರಣಕ್ಕೆ ಹಳೆ ಬಾಗಲಕೋಟೆಯ ಮನೆತನಗಳು ನವನಗರಕ್ಕೆ ಎದ್ದು ಹೋದಾಗ ಎಷ್ಟೋ ಅಟ್ಟಗಳ ಸಾಮಾನು ಬಿಸಿಲು ಕಂಡಿತು. ಇವರ ಮೊದಲ ರೇಡಿಯೋ ಬಂದದ್ದೂ ಅಂಥ ಒಂದು ಮನೆಯಿಂದ.

ನಲವತ್ತು ವರ್ಷ ಮಲಗಿದ್ದ ರೇಡಿಯೋದ ಪಿನ್ನನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಬಾರದು ಎಂಬುದು ಈ ಕೆಲಸದ ಮೊದಲ ಪಾಠವಂತೆ. ರೇಡಿಯೋದೊಳಗೆ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಎಂಬುದೊಂದು ಇರುತ್ತದೆ. ಅದರೊಳಗಿನ ಅಲ್ಯೂಮಿನಿಯಂ ಹಾಳೆಯ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಟ್ಟು ತೆಳ್ಳಗಿನ ಒಂದು ಪದರ. ಕರೆಂಟನ್ನು ತಡೆದು ನಿಲ್ಲಿಸುವ ಗೋಡೆ ಅದೇ. ವರ್ಷಗಟ್ಟಲೆ ಬಳಸದೆ ಇಟ್ಟರೆ ಆ ಗೋಡೆ ಶಿಥಿಲವಾಗುತ್ತದೆ. ಆಗ ಒಮ್ಮೆಲೇ 230 ವೋಲ್ಟ್ ಹರಿಸಿದರೆ ಕಂಡೆನ್ಸರ್ ಕಾದು, ಉಬ್ಬಿ, ಸಿಡಿಯಬಹುದು. ಅದರ ಹಿಂದೆ ರೇಡಿಯೋದ ಟ್ರಾನ್ಸ್‌ಫಾರ್ಮರೂ ಸುಡಬಹುದು. ನಿಧಾನವಾಗಿ, ತಾಸುಗಟ್ಟಲೆ ಸಮಯ ಕೊಟ್ಟು ವೋಲ್ಟೇಜ್ ಏರಿಸುತ್ತ ಹೋದರೆ, ತೀರಾ ಕೆಟ್ಟಿರದ ಕಂಡೆನ್ಸರಿನಲ್ಲಿ ಆ ಪದರ ಮತ್ತೆ ಕಟ್ಟಿಕೊಳ್ಳುವುದುಂಟು. ಪೂರ್ತಿ ಕೆಟ್ಟಿದ್ದರೆ ಬದಲಾಯಿಸಲೇಬೇಕು, ಆದರೆ ಅದು ಸಿಡಿಯುವ ಮೊದಲೇ ಗೊತ್ತಾಗುತ್ತದೆ.

ಹಾಗೆ ಏರಿಸುವ ಸಾಧನವೇ ಡಿಮ್ಮರ್‌ಸ್ಟಾಟ್. ಗ್ಯಾಸಿನ ಉರಿಯನ್ನು ಸಣ್ಣದು ದೊಡ್ಡದು ಮಾಡುತ್ತೇವಲ್ಲ, ಇದರಲ್ಲಿ ವೋಲ್ಟೇಜನ್ನು ಹಾಗೆ ಮಾಡಬಹುದು. ಒಳಗೆ ಸಿಂಬಿಯಂಥ ಒಂದು ಕಬ್ಬಿಣದ ಬಳೆ. ಅದರ ಸುತ್ತ ಒತ್ತೊತ್ತಾಗಿ ಒಂದೇ ಪದರಿನಲ್ಲಿ ತಾಮ್ರದ ತಂತಿ. ತಂತಿಯ ಮೇಲಿನ ಲೇಪವನ್ನು ಮೇಲ್ಭಾಗದಲ್ಲಿ ಮಾತ್ರ ಒಂದು ಪಟ್ಟಿಯಷ್ಟು ಉಜ್ಜಿ ತೆಗೆದಿರುತ್ತಾರೆ. ಆ ಹೊಳೆಯುವ ಪಟ್ಟಿಯ ಮೇಲೆ ಒಂದು ಕಾರ್ಬನ್ ಬ್ರಷ್ ಜಾರುತ್ತದೆ. ಹಿಡಿಕೆ ತಿರುಗಿಸಿದರೆ ಸೊನ್ನೆಯಿಂದ 270 ವೋಲ್ಟಿನ ತನಕ ಬೇಕಾದಲ್ಲಿ ನಿಲ್ಲಿಸಬಹುದು. ಕಬ್ಬಿಣದ ಬಳೆಗೆ ತಂತಿ ಸುತ್ತಿ ಫ್ಯಾರಡೆ ತನ್ನ ಹೆಸರಾಂತ ಪ್ರಯೋಗ ಮಾಡಿದ್ದು 1831ರಲ್ಲಿ. ನೂರು ವರ್ಷದ ಮೇಲೆ ಅಮೆರಿಕದ ಜನರಲ್ ರೇಡಿಯೋ ಕಂಪನಿ ಇದನ್ನು ವೇರಿಯಾಕ್ ಎಂಬ ಹೆಸರಿನಲ್ಲಿ ಮಾರಿತು. ನಮ್ಮ ದೇಶದಲ್ಲಿ ಡಿಮ್ಮರ್‌ಸ್ಟಾಟ್ ಎಂಬ ಬ್ರಾಂಡಿನ ಹೆಸರೇ ಸಾಮಾನಿನ ಹೆಸರಾಗಿಬಿಟ್ಟಿದೆ. ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ.

ಹೊಸದು ದುಬಾರಿ ಎಂದು ಇವರು ಒಂದು ದೊಡ್ಡ ಊರಿನ ಹಳೆಯ ಸಾಮಾನಿನ ಬಜಾರಿಗೆ ಹೋಗಿ 2,200 ರೂಪಾಯಿ ಕೊಟ್ಟು ಒಂದನ್ನು ತಂದರು. ಹೊಸದಾಗಿ ಬೂದು ಬಣ್ಣ ಹಚ್ಚಿದ್ದರು, ಡಯಲ್ಲು ಮಿಂಚುತ್ತಿತ್ತು. ಅಂಗಡಿಯಲ್ಲಿ ಒಂದು ಬಲ್ಬು ಸಿಕ್ಕಿಸಿ ಬೆಳಕನ್ನು ಏರಿಸಿ ಇಳಿಸಿ ತೋರಿಸಿದ್ದರು. ಬಿಚ್ಚಿ ನೋಡಬಹುದೇ ಎಂದು ಇವರು ಕೇಳಿದರೆ, “ಬಿಚ್ಚಿದ್ರ ಗ್ಯಾರಂಟಿ ಇರೂದಿಲ್ರಿ” ಎಂದರಂತೆ. ಮನೆಗೆ ತಂದು ಸಾಕೆಟ್ಟಿಗೆ ಹಾಕಿದ ಅರ್ಧ ತಾಸಿಗೆ ಅದು ಗುಂಯ್ಗುಡತೊಡಗಿತು. ಮುಟ್ಟಿದರೆ ಕಾವಲಿಯಂತೆ ಬಿಸಿ. ವಾರ್ನಿಷ್ ಸುಟ್ಟ ವಾಸನೆ ಒಲೆಯ ಮುಂದೆ ನಿಂತಿದ್ದ ನನಗೂ ಬಂತು.

ಸ್ಕ್ರೂ ತೆಗೆದು ನೋಡಿದರೆ ಎರಡು ದೋಷ. ಮೊದಲನೆಯದು ಬ್ರಷ್ಷು. ಹಳೆಯದು ಸವೆದಿದ್ದಕ್ಕೆ ಯಾವುದೋ ಮೋಟಾರಿನ, ತಾಮ್ರ ಬೆರೆತ ಕಾರ್ಬನ್ ತುಂಡನ್ನು ಅರೆದು ಕೂರಿಸಿದ್ದರು. ಡಿಮ್ಮರ್‌ಸ್ಟಾಟಿನ ಬ್ರಷ್ಷು ಯಾವಾಗಲೂ ಎರಡು ಸುತ್ತುಗಳನ್ನು ಒಟ್ಟಿಗೆ ಮುಟ್ಟುತ್ತಿರುತ್ತದೆ. ಕಾರ್ಬನ್ನು ಕರೆಂಟಿಗೆ ಸ್ವಲ್ಪ ಅಡ್ಡಿ ಮಾಡುವುದರಿಂದಲೇ ಆ ಎರಡು ಸುತ್ತುಗಳು ಸುಡದೆ ಉಳಿಯುವುದು. ಅದರಲ್ಲಿ ತಾಮ್ರ ಬೆರೆತರೆ ಅಡ್ಡಿ ಹೋಗುತ್ತದೆ, ಬೆಂಕಿ ಬರುತ್ತದೆ. ಎರಡನೆಯದು 150ರ ಗುರುತಿನ ಹತ್ತಿರ ಕರ್ರಗೆ ಸುಟ್ಟ ಜಾಗ. ಅಲ್ಲಿ ಎರಡು ಸುತ್ತು ಒಂದಕ್ಕೊಂದು ಅಂಟಿಕೊಂಡಿದ್ದವು. ಇದನ್ನು ನೋಡಿ ಇವರಿಗೆ ಅಷ್ಟು ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆ ಸುಟ್ಟ ಕಲೆಯ ಅಂಚಿನ ಮೇಲೆ ಬೂದು ಬಣ್ಣದ ಒಂದು ಹನಿ ಕಂಡಾಗ. ಬಣ್ಣ ಹಚ್ಚಿದವನು ಒಳಗನ್ನು ನೋಡಿಯೇ ಹಚ್ಚಿದ್ದ.

“ಹೇಳಿದ್ರ ನಾ ಒಲ್ಲೆ ಅಂತಿದ್ದಿಲ್ಲ. ಒಂದು ಐದುನೂರು ಕಡಿಮಿ ಕೇಳತಿದ್ದೆ, ಅಷ್ಟ,” ಎಂದು ಇವರು ನಾಲ್ಕು ದಿನ ಹೇಳಿಕೊಂಡು ತಿರುಗಿದರು. 500 ರೂಪಾಯಿಗಾಗಿ ಒಬ್ಬನು ಒಂದು ಮಾತನ್ನು ನುಂಗಿದ್ದ.

ದುರಸ್ತಿಗೆ ಒಂದು ತಿಂಗಳು ಹಿಡಿಯಿತು. ಅಂಟಿದ ಸುತ್ತುಗಳನ್ನು ತೆಳುವಾದ ಬ್ಲೇಡಿನಿಂದ ಬಿಡಿಸಿ ನಡುವೆ ವಾರ್ನಿಷ್ ಹನಿಸಿದರು. ತಾಮ್ರದ ಪಟ್ಟಿಯನ್ನು ನಯವಾದ ಮರಳು ಕಾಗದದಿಂದ ಉಜ್ಜಿ ಸ್ಪಿರಿಟ್ಟಿನಲ್ಲಿ ಒರೆಸಿದರು. ಸರಿಯಾದ ಬ್ರಷ್ಷನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಪರಿಚಯದವರ ಕೈಯಲ್ಲಿ ತರಿಸಿದರು. ನಡುವೆ 60 ವ್ಯಾಟಿನ ಒಂದು ಬಲ್ಬನ್ನು ಸೀರೀಸಿನಲ್ಲಿ ಸೇರಿಸಿ ಕರೆಂಟು ಕೊಟ್ಟು ನೋಡಿದರು. ಒಳಗೆ ಸುತ್ತುಗಳು ಇನ್ನೂ ಅಂಟಿದ್ದರೆ ಆ ಬಲ್ಬು ಜೋರಾಗಿ ಉರಿಯುತ್ತದೆ. ಉರಿಯಲಿಲ್ಲ. ಯಂತ್ರ ಕೆಲಸಕ್ಕೇನೋ ಬಂತು, ಆದರೆ ಇವರ ಮನಸ್ಸಿಗೆ ಬರಲಿಲ್ಲ. ಒಮ್ಮೆ ಮೋಸ ಕಂಡ ಸಾಮಾನಿನ ಮೇಲೆ ಕೈ ಇಡುವಾಗೆಲ್ಲ ಒಂದು ಅಳುಕು. ಇನ್ನೊಂದು ಒಳ್ಳೆಯದು ಸಿಕ್ಕರೆ ನೋಡೋಣ ಎನ್ನುತ್ತಿದ್ದರು.

ಇದಾದ ಮೂರು ತಿಂಗಳಿಗೆ ಶ್ರಾವಣ ಬಂತು. ಸೋಮವಾರ ಮಹಾಕೂಟಕ್ಕೆ ಹೋಗುವುದು ನಮ್ಮ ಮನೆಯ ರೂಢಿ. ಬಾದಾಮಿ-ಪಟ್ಟದಕಲ್ಲುಗಳ ನಡುವೆ ಗುಡ್ಡಗಳು ಸುತ್ತುವರಿದ ಆ ತಂಪು ಜಾಗ, ಚಾಲುಕ್ಯರ ಕಾಲದ ಗುಡಿಗಳು, ನೆಲದೊಳಗಿನ ಸೆಲೆಯಿಂದ ತುಂಬುವ ಪುಷ್ಕರಣಿ, ಇವುಗಳ ವರ್ಣನೆ ಓದುಗರಿಗೆ ಬೇಕಿಲ್ಲ, ನೀವೂ ಹೋಗಿ ಬಂದವರೇ. ಗುಡಿಯ ಹೊರಗೆ ಕಾಯಿ-ಕರ್ಪೂರ ಮಾರುವ ಹೆಣ್ಣುಮಗಳೊಬ್ಬಳು ನನ್ನನ್ನು ಕಂಡು ಎದ್ದು ಬಂದಳು. ಆಕೆಯ ಮಗ ನನ್ನ ಶಾಲೆಯಲ್ಲಿ ಕಲಿತವನು. ಗಂಡ ಹಳ್ಳಿಯಲ್ಲಿ ಮೈಕ್ ಸೆಟ್ಟು ಬಾಡಿಗೆ ಕೊಡುತ್ತ, ರೇಡಿಯೋ-ಟೇಪು ರಿಪೇರಿ ಮಾಡುತ್ತ ಇದ್ದವನು ತೀರಿಕೊಂಡು ಎರಡು ವರ್ಷವಾಗಿತ್ತು.

“ಅಕ್ಕೋರ, ನಿಮ್ಮ ಸಾಹೇಬ್ರು ಕರೆಂಟಿನ ಕೆಲಸದಾಗ ಇದ್ರಲ್ರಿ. ನಮ್ಮ ಮನಿಯವ್ರ ಸಾಮಾನು ಒಂದಿಷ್ಟು ಅದಾವ್ರಿ. ಮೋಡಕಾದಾಂವ ಕಿಲೋ ಲೆಕ್ಕದಾಗ ಒಯ್ತೀನಿ ಅಂದಾನ. ಕೊಡೂಕಿಂತ ಮೊದ್ಲ ಒಂದು ಸಲ ನೋಡ್ತಾರೇನ್ರಿ? ಏನರ ಬೆಲಿ ಬಾಳೂವಂಥಾದು ಐತೇನು ಅಂತ,” ಎಂದಳು.

ದರ್ಶನ ಮುಗಿಸಿ ಅವರ ಹಳ್ಳಿಗೆ ಹೋದೆವು. ಮೂಲೆಯಲ್ಲಿ ತಗಡಿನ ಟ್ರಂಕು, ತುಕ್ಕು ಹಿಡಿದ ಹಾರ್ನು, ಒಂದು ಆಂಪ್ಲಿಫೈಯರ್. ಗೋಣಿಚೀಲದ ಕೆಳಗೆ, ನೋಡಿದರೆ, ಒಂದು ಡಿಮ್ಮರ್‌ಸ್ಟಾಟ್. ಹಳ್ಳಿಯಲ್ಲಿ ಮದುವೆಯ ರಾತ್ರಿ ವೋಲ್ಟೇಜು ಇಳಿದಾಗ ಅದನ್ನು ಒಂದಿಷ್ಟು ಏರಿಸಿ ಆಂಪ್ಲಿಫೈಯರ್ ನಡೆಸಲು ಆತ ಇದನ್ನು ಇಟ್ಟುಕೊಂಡಿದ್ದನಂತೆ. ಇವರು ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದರು. ಎಲ್ಲಿಯೂ ಕೊಸರಲಿಲ್ಲ. ಮುಚ್ಚಳ ಬಿಚ್ಚಿ ನೋಡಿದರು. ಮೂಲ ಬ್ರಷ್ಷು, ಬೆಳಗಿಟ್ಟ ತಂಬಿಗೆಯಂಥ ತಾಮ್ರದ ಪಟ್ಟಿ, ಒಂದು ಕಲೆಯಿಲ್ಲ. ಮೋಡಕಾದವನು ಇದೊಂದಕ್ಕೆ ಎಷ್ಟು ಹೇಳಿದ್ದಾನೆ ಎಂದು ಕೇಳಿದರು. 800 ರೂಪಾಯಿ ಎಂದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಇವರ ಮುಖ ಓದುವುದು ನನಗೆ ಬಂದಿದೆ. “ಒಂದು ನಿಮಿಷ ಬಾ ಇಲ್ಲೆ,” ಎಂದು ನನ್ನನ್ನು ಹಿತ್ತಲಿನ ಬೇವಿನ ಗಿಡದ ಹತ್ತಿರ ಕರೆದರು.

“ನಾ ಸಾವಿರದ ಇನ್ನೂರು ಕೊಡ್ತೀನಿ. ಮೋಡಕಾದಾಂವ ಕೊಡೂಕಿಂತ ನಾನೂರು ಹೆಚ್ಚಾತು. ಆಕಿಗೂ ಲಾಭ, ನಮಗೂ ಲಾಭ. ಯಾರಿಗೂ ನಷ್ಟಿಲ್ಲ.”

“ಅದರ ಖರೇ ಬೆಲಿ ಎಷ್ಟ್ರಿ?”

“ಹೊಸಾದು ಐದು ಸಾವಿರದ ಮ್ಯಾಲ. ಹಳೇದು ಇಷ್ಟು ಚಲೋ ಇದ್ರ, ಗೊತ್ತಿದ್ದಾಂವ ಮೂರು ಸಾವಿರಕ್ಕಿಂತ ಕಡಿಮಿಗೆ ಬಿಡೂದಿಲ್ಲ.”

“ಹಂಗಂತ ಆಕಿಗೆ ಹೇಳ್ರಿ ಮತ್ತ.”

“ಮೂವತ್ತು ವರ್ಷ ಕಲತದ್ದು ನಾನು. ಆ ಕಲಿಕಿಗೆ ಬೆಲಿ ಇಲ್ಲೇನು?”

ಈ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಇವರು ಕೆಟ್ಟವರಾಗಿ ಆಡಿದ ಮಾತಲ್ಲ ಅದು. ಡಾಕ್ಟರು ತಮ್ಮ ತಿಳಿವಳಿಕೆಗೆ ಫೀ ತೆಗೆದುಕೊಳ್ಳುತ್ತಾರೆ, ನಾನೂ ನಾನು ಕಲಿತದ್ದಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ. ವ್ಯಾಪಾರಿ ಬದುಕುವುದೇ ಬೇರೆಯವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿರುವುದರಿಂದ. ಯಾವ ಊರಲ್ಲಿ ಅಗ್ಗ, ಯಾವ ಊರಲ್ಲಿ ತುಟ್ಟಿ ಎಂದು ಎಲ್ಲರಿಗೂ ಗೊತ್ತಿದ್ದರೆ ಸಂತೆಯೇ ನಡೆಯುವುದಿಲ್ಲ.

ಈ ವಾದ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೊ ತನ್ನ ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತಾದ ಪುಸ್ತಕದಲ್ಲಿ ಒಂದು ಕಥೆಯಿಟ್ಟು ಇದನ್ನೇ ಕೇಳುತ್ತಾನೆ. ರೋಡ್ಸ್ ಎಂಬ ನಡುಗಡ್ಡೆಯಲ್ಲಿ ಬರ. ಅಲೆಕ್ಸಾಂಡ್ರಿಯದಿಂದ ಒಬ್ಬ ವ್ಯಾಪಾರಿ ಹಡಗಿನ ತುಂಬ ಕಾಳು ತರುತ್ತಾನೆ. ತನ್ನ ಹಿಂದೆಯೇ ಇನ್ನೂ ಹಲವು ಹಡಗು ಕಾಳು ಹೊತ್ತು ಬರುತ್ತಿವೆ ಎಂಬುದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಿಬಿಟ್ಟರೆ ಬೆಲೆ ಇಳಿಯುತ್ತದೆ. ಹೇಳಬೇಕೇ? ಡಯೋಜಿನಿಸ್ ಎಂಬ ತತ್ತ್ವಜ್ಞಾನಿ ಹೇಳಬೇಕಿಲ್ಲ ಎಂದನಂತೆ. ಕಾನೂನು ಹೇಳು ಎಂದಷ್ಟನ್ನು ಹೇಳಿದರೆ ಸಾಕು, ಸುಮ್ಮನಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂಬುದು ಅವನ ವಾದ. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ. ಕೊಳ್ಳುವವನಿಗೆ ತಿಳಿಯದ್ದು ಮಾರುವವನಿಗೆ ತಿಳಿದಿದ್ದರೆ ಎಲ್ಲವನ್ನೂ ಹೇಳಲೇಬೇಕು ಎಂದ. ಸಿಸೆರೊ ಕೊನೆಗೆ ಶಿಷ್ಯನ ಕಡೆಗೆ ವಾಲುತ್ತಾನೆ. ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ಆದರೆ ಎದುರಿನವರಿಗೆ ಉಪಯೋಗವಾಗುವ ಸಂಗತಿಯನ್ನು ನನ್ನ ಲಾಭಕ್ಕಾಗಿ ಅವರಿಗೆ ತಿಳಿಯದಂತೆ ಇಟ್ಟರೆ ಅದು ಮುಚ್ಚಿಡುವುದೇ ಎಂಬುದು ಅವನ ತೀರ್ಮಾನ.

ನಮ್ಮ ಹೆಂಗಸರಿಗೆ ರೋಮಿನ ತನಕ ಹೋಗುವ ಅಗತ್ಯವೂ ಇಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಿನದನ್ನು ಅಲ್ಲಿಯೇ ಹಾಕಿ ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ನೋಡಿ, ಅದು ಬಿದ್ದ ಅಕ್ಕಿ. ಯಾರದೂ ಅಲ್ಲ. ತಂದರೆ ಯಾರಿಗೂ ನಷ್ಟವಿರಲಿಲ್ಲ. ಬೇವಿನ ಗಿಡದ ಕೆಳಗೆ ಇವರು ಆಡಿದ ಮಾತೂ ಅದೇ ಆಗಿತ್ತು. ಲಕ್ಕಮ್ಮ ಯಾರಿಗೆ ನಷ್ಟ ಎಂದು ಲೆಕ್ಕ ಹಾಕಲಿಲ್ಲ. ಇದು ನಮ್ಮ ಕಾಯಕಕ್ಕೆ ಸಲ್ಲುವ ಪಾಲೋ ಅಲ್ಲವೋ ಎಂದಷ್ಟೇ ನೋಡಿದಳು.

ಇಲ್ಲಿಂದ ನನಗೊಂದು ದಾರಿ ಕಂಡಿತು. ತಿಳಿವಳಿಕೆಯಲ್ಲಿ ಎರಡು ಬಗೆ ಇದೆ. ಸುಟ್ಟ ಸುತ್ತನ್ನು ಬಿಡಿಸುವುದು, ಸರಿಯಾದ ಬ್ರಷ್ಷು ಯಾವುದೆಂದು ಗುರುತಿಸುವುದು, ಸತ್ತ ರೇಡಿಯೋವನ್ನು ಮಾತಾಡಿಸುವುದು, ಇದು ಕೈಯ ತಿಳಿವಳಿಕೆ. ಮೂವತ್ತು ವರ್ಷ ಕಂಬ ಹತ್ತಿ ಗಳಿಸಿದ್ದು. ಅದು ಇವರದು, ಅದಕ್ಕೆ ಬೆಲೆ ಕಟ್ಟಿ ತೆಗೆದುಕೊಳ್ಳಲಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಆ ಗೋಣಿಚೀಲದ ಕೆಳಗಿದ್ದದ್ದು ಏನು, ಅದರ ಸ್ಥಿತಿ ಹೇಗಿದೆ, ಅದು ಎಷ್ಟು ಬಾಳುತ್ತದೆ ಎಂಬ ಸಂಗತಿ ಇವರು ದುಡಿದು ಮಾಡಿದ್ದಲ್ಲ. ಅದು ಆ ಸಾಮಾನಿಗೇ ಸೇರಿದ್ದು. ಸಾಮಾನು ಯಾರದೋ ಸಂಗತಿಯೂ ಅವರದೇ. ನನ್ನ ಕೆಲಸದ ಬೆಲೆಯನ್ನು ನಾನು ತೆಗೆದುಕೊಳ್ಳಬಹುದು, ಇನ್ನೊಬ್ಬರ ಅಜ್ಞಾನದ ಬೆಲೆಯನ್ನು ತೆಗೆದುಕೊಳ್ಳಬಾರದು. ಬಜಾರಿನವನು ತೆಗೆದುಕೊಂಡ 500 ರೂಪಾಯಿ ಅಂಥದು. ಇವರು ಉಳಿಸಬೇಕೆಂದಿದ್ದ 1,800 ರೂಪಾಯಿಯೂ ಅಂಥದೇ ಆಗುತ್ತಿತ್ತು.

ಕಾನೂನು ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. 1930ರ ಸರಕು ಮಾರಾಟ ಕಾಯಿದೆಯ ಸಾಮಾನ್ಯ ಧೋರಣೆ ಕೊಳ್ಳುವವನು ನೋಡಿಕೊಂಡು ಕೊಳ್ಳಲಿ ಎಂಬುದು. ಆಮೇಲೆ 1986ರಲ್ಲಿ ಗ್ರಾಹಕರ ರಕ್ಷಣೆಗೆ ಕಾಯಿದೆ ಬಂತು, 2019ರಲ್ಲಿ ಅದರ ಜಾಗದಲ್ಲಿ ಹೊಸದು ಬಂತು. ಇವೆಲ್ಲ ಕೊಳ್ಳುವವರನ್ನು ಕಾಯಲು ಹುಟ್ಟಿದವು. ಗಂಡ ಸತ್ತ ಮೇಲೆ ಮನೆಯ ಮೂಲೆಯ ಸಾಮಾನು ಮಾರಲು ಹೊರಟ ಹೆಣ್ಣುಮಗಳನ್ನು, ಮಾರುವ ಆಕೆಯನ್ನು, ಯಾರು ಕಾಯಬೇಕು? ಕೊಳ್ಳಲು ಬಂದವರ ಮನಸ್ಸೊಂದೇ.

ಹಾಗೆಂದು ಎಲ್ಲರೂ ಎಲ್ಲರಿಗೂ ಎಲ್ಲವನ್ನೂ ಹೇಳುತ್ತ ಕೂರಬೇಕೇ? ಇಬ್ಬರು ಮೋಡಕಾ ವ್ಯಾಪಾರಿಗಳು ತಮ್ಮತಮ್ಮಲ್ಲಿ ಚೌಕಾಸಿ ಮಾಡುವಾಗ ಒಬ್ಬ ಸುಮ್ಮನಿದ್ದರೆ ಅದು ಮೋಸವೆಂದು ನನಗೆ ಅನ್ನಿಸುವುದಿಲ್ಲ. ಇಬ್ಬರಿಗೂ ಆಟ ಗೊತ್ತು. ಬೇಕಾದರೆ ತಿಳಿದುಕೊಳ್ಳುವ ದಾರಿ ಇಬ್ಬರಿಗೂ ಇದೆ. ಆ ದಾರಿ ಇಲ್ಲದವರ ಎದುರಿನಲ್ಲಿ, ಅದರಲ್ಲಿಯೂ ನಮ್ಮನ್ನು ನಂಬಿ ಕೇಳಿದವರ ಎದುರಿನಲ್ಲಿ, ಮೌನದ ಅರ್ಥ ಬದಲಾಗುತ್ತದೆ. ಆಕೆ ನಮ್ಮನ್ನು ಗಿರಾಕಿಗಳೆಂದು ಕರೆದಿರಲಿಲ್ಲ, ಮಗನ ಅಕ್ಕೋರು ಎಂದು ಕರೆದಿದ್ದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮಲ್ಲಿದೆ. ಇದರ ಹೆಸರಿನಲ್ಲಿ ಸಂಬಂಧ ಕೂಡಿಸಿದವರು ಎಷ್ಟೋ ಸಲ ಸುಳ್ಳನ್ನೂ ಹೇಳಿರುವುದಿಲ್ಲ, ಹೇಳಬೇಕಾದ್ದನ್ನು ಹೇಳಿರುವುದಿಲ್ಲ ಅಷ್ಟೆ. ವರನ ಕುಡಿತ, ಮೂರ್ಛೆರೋಗ, ಮುರಿದ ನೌಕರಿ. “ಅವರು ಕೇಳಲಿಲ್ಲ, ನಾವು ಹೇಳಲಿಲ್ಲ” ಎಂದು ಹಿರಿಯರು ಕೈ ತೊಳೆದುಕೊಳ್ಳುತ್ತಾರೆ. ಆ ಹೇಳದ ಮಾತಿನ ಬೆಲೆಯನ್ನು ಒಬ್ಬ ಹುಡುಗಿ ಜನ್ಮವಿಡೀ ಕಟ್ಟುತ್ತಾಳೆ. ನನ್ನ ಶಾಲೆಯಲ್ಲಿ ಕಲಿತು ಹೋದ ಹುಡುಗಿಯರಲ್ಲಿ ಅಂಥವರನ್ನು ನಾನು ಬಲ್ಲೆ. ಕಬ್ಬಿಣದ ಸಾಮಾನಿನ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಅದೂ ಒಂದು ಕಾರಣವಿರಬಹುದು.

ಬೇವಿನ ಗಿಡದ ಕೆಳಗೆ ನಾನು ಇಷ್ಟೆಲ್ಲ ಹೇಳಲಿಲ್ಲ. “ಬಣ್ಣದ ಹನಿ ನೆನಪೈತಿಲ್ರಿ?” ಎಂದು ಕೇಳಿದೆ, ಅಷ್ಟೆ. ಇವರು ಸ್ವಲ್ಪ ಹೊತ್ತು ಗಿಡದ ಬೊಡ್ಡೆಯನ್ನು ನೋಡುತ್ತ ನಿಂತು ಒಳಗೆ ನಡೆದರು.

ಆಕೆಯ ಮುಂದೆ ಕುಳಿತು ಎಲ್ಲ ಹೇಳಿದರು. ಇದು ಏನು, ಯಾವುದಕ್ಕೆ ಬರುತ್ತದೆ, ಹೊಸದಕ್ಕೆ ಎಷ್ಟು, ಹಳೆಯದಕ್ಕೆ ಎಷ್ಟು. ತಾನು 3,000 ರೂಪಾಯಿಗೆ ತೆಗೆದುಕೊಳ್ಳಲು ತಯಾರಿದ್ದೇನೆ, ಬೇರೆ ಯಾರಾದರೂ ಹೆಚ್ಚು ಕೊಟ್ಟರೆ ಅವರಿಗೇ ಕೊಡಬಹುದು ಎಂದೂ ಹೇಳಿದರು. ಆಕೆ ಸೆರಗಿನ ತುದಿಯಿಂದ ಡಯಲ್ಲಿನ ಮೇಲಿನ ಧೂಳು ಒರೆಸಿದಳು. ಬಹಳ ಹೊತ್ತು ಮಾತಾಡಲಿಲ್ಲ.

“ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಇಷ್ಟು ಬಾಳೂವಂಥಾದು ಅಂದ್ರ ನಾ ಕೊಡೂದಿಲ್ರಿ. ನಮ್ಮ ಹುಡುಗ ಐಟಿಐ ಕಲಿಯಾಕತ್ತಾನ. ಅವರಪ್ಪಂದು ಅಂತ ಅವಗ ಒಂದು ಇರ್ಲಿ.”

ಬರುವಾಗ ಇವರ ಬಾಯಲ್ಲಿ ಮಾತಿಲ್ಲ. ಬಾದಾಮಿ ಹತ್ತಿರ ಬಂದ ಮೇಲೆ, “ಖರೆ ಹೇಳಿದ್ದಕ್ಕ ಸಾಮಾನು ಕೈ ಬಿಟ್ಟಿತು,” ಎಂದರು. ಹೌದು, ಕೈ ಬಿಟ್ಟಿತು. ಇದನ್ನು ಮುಚ್ಚಿಡುವುದು ನನಗೆ ಸೇರುವುದಿಲ್ಲ. ಸತ್ಯ ಹೇಳಿದವರಿಗೆ ಕೊನೆಗೆ ಲಾಭವೇ ಆಗುತ್ತದೆ ಎಂದು ನಾವು ಶಿಕ್ಷಕರು ಮಕ್ಕಳಿಗೆ ಪಾಠ ಮಾಡುತ್ತೇವೆ. ಪುಣ್ಯಕೋಟಿಯನ್ನು ಹುಲಿ ತಿನ್ನದೆ ಬಿಟ್ಟಿತು ಎಂದು ಹೇಳಿ ಪುಸ್ತಕ ಮುಚ್ಚುತ್ತೇವೆ. ಬದುಕಿನಲ್ಲಿ ಹಾಗೆ ಆಗಲೇಬೇಕೆಂದಿಲ್ಲ. ಬಜಾರಿನವನು ಹೇಳದೆ ಲಾಭ ಮಾಡಿಕೊಂಡ, ಇವರು ಹೇಳಿ ಬರಿಗೈಯಲ್ಲಿ ಬಂದರು. ಏನೂ ಖರ್ಚಿಲ್ಲದೆ ಸಿಗುವ ಪ್ರಾಮಾಣಿಕತೆಯಾಗಿದ್ದರೆ ಅದರ ಬಗ್ಗೆ ಇಷ್ಟು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ನನಗೆ ಆಶ್ಚರ್ಯವಾದದ್ದು ಆಮೇಲೆ ನಡೆದದ್ದು. ಆ ರಾತ್ರಿ ಇವರಿಗೆ ನಿದ್ದೆ ಬರಲಿಲ್ಲ. ಸಾಮಾನು ಹೋಯಿತೆಂದು ಇರಬೇಕು ಎಂದುಕೊಂಡೆ. ನಡುರಾತ್ರಿ ಎದ್ದು ಕೂತು, “ಆ ಹುಡುಗ ಸೊನ್ನಿ ಅಂದ್ರ ಸೊನ್ನಿ ಅಂತ ತಿಳಕೊಂಡು ಕೈ ಹಾಕಿದ್ರ?” ಎಂದರು.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಇಂಥದು ಮನೆಯಲ್ಲಿದ್ದವರು ಗಮನವಿಟ್ಟು ಓದಬೇಕು. ಸಾಧಾರಣ ಟ್ರಾನ್ಸ್‌ಫಾರ್ಮರಿನಲ್ಲಿ ತಂತಿಯ ಸುರುಳಿ ಎರಡು, ಒಂದಕ್ಕೂ ಇನ್ನೊಂದಕ್ಕೂ ತಂತಿಯ ಸಂಬಂಧ ಇರುವುದಿಲ್ಲ. ಡಿಮ್ಮರ್‌ಸ್ಟಾಟಿನಲ್ಲಿ ಸುರುಳಿ ಒಂದೇ. ಗೋಡೆಯಿಂದ ಬಂದ ಕರೆಂಟೂ ಹೊರಗೆ ಹೋಗುವ ಕರೆಂಟೂ ಒಂದೇ ತಾಮ್ರದ ಮೇಲೆ. ಪಿನ್ನು ಸರಿಯಾಗಿ ಕೂತಿದ್ದರೆ ಡಯಲ್ಲು ಸೊನ್ನೆಯಲ್ಲಿದ್ದಾಗ ಅಪಾಯ ಕಡಿಮೆ. ಆದರೆ ಎರಡು ಪಿನ್ನಿನ ಪ್ಲಗ್ಗನ್ನು ತಿರುವಿ ಹಾಕಿದರೆ, ಅಥವಾ ಸಾಕೆಟ್ಟಿನ ಒಳಗೇ ಫೇಸು-ನ್ಯೂಟ್ರಲ್ಲು ಅದಲು ಬದಲಾಗಿದ್ದರೆ, ಹೊರಗೆ ಬರುವ ಎರಡೂ ತಂತಿಗಳಲ್ಲಿ ನೆಲದ ಲೆಕ್ಕಕ್ಕೆ ಪೂರಾ 230 ವೋಲ್ಟ್ ನಿಂತಿರುತ್ತದೆ. ಆ ಎರಡರ ನಡುವೆ ಮೀಟರು ಹಿಡಿದರೆ ಸೊನ್ನೆ ತೋರಿಸುತ್ತದೆ. ಬರಿಗಾಲಲ್ಲಿ ನೆಲದ ಮೇಲೆ ನಿಂತು ಒಂದನ್ನು ಮುಟ್ಟಿದರೆ ಜೀವ ಹೋಗಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಹಳೆಯ ರೇಡಿಯೋಗಳಲ್ಲಂತೂ ಒಳಗಿನ ಲೋಹದ ತಟ್ಟೆಗೇ ಕರೆಂಟಿನ ತಂತಿ ಸೇರಿರುತ್ತದೆ.

ಮುಂದಿನ ಭಾನುವಾರ ಇವರು ಒಬ್ಬರೇ ಆ ಹಳ್ಳಿಗೆ ಹೋದರು. ಹುಡುಗನನ್ನು ಕೂರಿಸಿಕೊಂಡು ಮೂರು ಪಿನ್ನಿನ ಪ್ಲಗ್ಗು ಹಾಕಿಸಿದರು, ಸಾಕೆಟ್ಟಿನಲ್ಲಿ ಫೇಸು ಯಾವ ಕಡೆಗಿದೆ ಎಂದು ಟೆಸ್ಟರಿನಿಂದ ನೋಡುವುದನ್ನು ತೋರಿಸಿದರು. ಬ್ರಷ್ಷಿನ ಕಡೆಗೆ ಫ್ಯೂಸು ಹಾಕಿದರು. ವೋಲ್ಟೇಜು ಕಡಿಮೆ ಮಾಡಿದೆವೆಂದು ಹೆಚ್ಚು ಕರೆಂಟು ಎಳೆಯಬಾರದು, ತಂತಿಗೆ ತಾಳುವಷ್ಟೇ ತಾಳುವುದು ಎಂದರು. ರೇಡಿಯೋ ರಿಪೇರಿಗೆ ಬಳಸುವುದಾದರೆ ನಡುವೆ ಎರಡು ಸುರುಳಿಯ ಬೇರೊಂದು ಟ್ರಾನ್ಸ್‌ಫಾರ್ಮರ್ ಇರಲೇಬೇಕು, ಪ್ಲಗ್ಗು ಕಿತ್ತ ಮೇಲೆಯೇ ಕೈ ಹಾಕಬೇಕು ಎಂದು ನಾಲ್ಕು ಸಲ ಹೇಳಿ ಬಂದರಂತೆ. ಸಾಮಾನು ಅವರ ಮನೆಯಲ್ಲೇ ಉಳಿಯಿತು, ಮಾತನ್ನು ಮಾತ್ರ ಇವರು ಕೊಟ್ಟು ಬಂದರು. ಬೆಲೆಯ ವಿಷಯದಲ್ಲಿ ಹೇಳಬೇಕೋ ಬೇಡವೋ ಎಂದು ಗಿಡದ ಕೆಳಗೆ ನಿಂತು ವಾದ ಮಾಡಬಹುದು. ಅಪಾಯದ ವಿಷಯದಲ್ಲಿ ಆ ವಾದಕ್ಕೂ ಜಾಗವಿಲ್ಲ. ಅದನ್ನು ಕೊಂಡವರಿಗೂ ಹೇಳಬೇಕು, ಮಾರಿದವರಿಗೂ ಹೇಳಬೇಕು, ಕೊಡಲೊಲ್ಲದವರಿಗೂ ಹೋಗಿ ಹೇಳಬೇಕು.

ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬವೊಂದರ ಮೇಲೆ ಹಳಗನ್ನಡದ ಒಂದು ಶಾಸನವಿದೆ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜೊತೆಗೆ ಭೂಮಿ ಕೊಟ್ಟದ್ದನ್ನು ಅದು ಹೇಳುತ್ತದೆ. ತಾಯಿಯ ಹೆಸರು, ಅಜ್ಜಿಯ ಹೆಸರನ್ನೂ ಆಕೆ ಕೆತ್ತಿಸಿದ್ದಾಳೆ. ಪೀಠ ಇಂದು ಇಲ್ಲ, ಕೊಡೆ ಇಲ್ಲ. ಏನು ಕೊಟ್ಟಳು, ಯಾರು ಕೊಟ್ಟರು ಎಂಬ ಮಾತು ಸಾವಿರದ ಮುನ್ನೂರು ವರ್ಷಗಳಿಂದ ಕಲ್ಲಿನ ಮೇಲೆ ನಿಂತಿದೆ. ಕೈಯಿಂದ ಕೈಗೆ ದಾಟುವ ವಸ್ತುವಿನ ಜೊತೆ ಅದರ ಸಂಗತಿಯೂ ದಾಟಬೇಕು ಎಂಬ ತಿಳಿವಳಿಕೆ ನಮ್ಮ ನೆಲದಲ್ಲಿ ಹೊಸದೇನೂ ಅಲ್ಲ.

ಈಗ ನಮ್ಮ ಪಡಸಾಲೆಯಲ್ಲಿರುವುದು ಬಜಾರಿನಿಂದ ತಂದ ಅದೇ ಬೂದು ಬಣ್ಣದ್ದು. ಅದರಿಂದಲೇ ಒಂದು ಮರ್ಫಿ, ಒಂದು ಫಿಲಿಪ್ಸ್ ಬಾಯಿ ಬಿಟ್ಟಿವೆ. ಹೋದ ತಿಂಗಳು ಇವರು ಒಂದು ಕಾಗದದ ಮೇಲೆ ಬರೆದು ಅದರ ತಳಕ್ಕೆ ಅಂಟಿಸಿದ್ದಾರೆ. 150ರ ಹತ್ತಿರ ಎರಡು ಸುತ್ತು ಸುಟ್ಟಿತ್ತು, ಬಿಡಿಸಿ ವಾರ್ನಿಷ್ ಹಾಕಿದೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಬಾರದು. ಬ್ರಷ್ಷು ಹೊಸದು, ಹಾಕಿದ ತಾರೀಖು ಇಂಥದು. ಸೊನ್ನೆಯಲ್ಲಿದ್ದರೂ ಮುಟ್ಟಬಾರದು. ಈ ಕಾಗದ ಯಾಕ್ರಿ, ನಾವೇನು ಮಾರತೀವೇನು ಎಂದು ಕೇಳಿದೆ.

“ನಾವು ಮಾರೂದಿಲ್ಲ. ನಾವು ಹೋದ ಮ್ಯಾಲ ಮಕ್ಕಳು ಮಾರತಾರ. ಅವರಿಗೇನು ಗೊತ್ತಿರತೈತಿ?” ಎಂದರು.

ಅದನ್ನು ಓದಿದವರು ಬೆಲೆ ಕಡಿಮೆ ಕೇಳಬಹುದು. ಕೇಳಲಿ.